ಎರಡು ಕಂಪ್ಯೂಟರ್, ನಡುವೆ ಒಂದೇ ಕೇಬಲ್

1980ರ ದಶಕದಲ್ಲಿ ಒಂದು ಕಂಪ್ಯೂಟರಿನ ಫೈಲು ಇನ್ನೊಂದಕ್ಕೆ ಹೋಗಬೇಕೆಂದರೆ ಫ್ಲಾಪಿ ಹಿಡಿದು ಓಡಾಡುವುದೇ ರೂಢಿ. ಅದು ಬೇಸರವಾದವರು ಎರಡರ ಸೀರಿಯಲ್ ಪೋರ್ಟುಗಳ ನಡುವೆ ನಲ್ ಮೋಡೆಮ್ ಕೇಬಲ್ ಸಿಕ್ಕಿಸುತ್ತಿದ್ದರು. ಪಿಸಿಗಳಲ್ಲಿ ಅದರ ಗರಿಷ್ಠ ವೇಗ ಸೆಕೆಂಡಿಗೆ 1,15,200 ಬಿಟ್, 1.44 ಎಂಬಿಯ ಒಂದು ಫ್ಲಾಪಿಯಷ್ಟು ಮಾಹಿತಿ ದಾಟಲು ಎರಡು ನಿಮಿಷ ಸಾಲದು. ಲ್ಯಾಪ್‌ಲಿಂಕ್ ತಂತ್ರಾಂಶ ಹೆಸರು ಮಾಡಿದ್ದು ಈ ಕೆಲಸದಿಂದಲೇ. 1993ರಲ್ಲಿ ಬಂದ ಎಂಎಸ್-ಡಾಸ್ 6 ಇದೇ ಕೆಲಸದ ಇಂಟರ್‌ಲಿಂಕ್ ಸೌಲಭ್ಯವನ್ನು ತನ್ನೊಳಗೇ ತಂದಿತು.

ವೇಗದ ದಾರಿ ಅಷ್ಟರಲ್ಲಾಗಲೇ ಸಿದ್ಧವಿತ್ತು. 1973ರಲ್ಲಿ ಝೆರಾಕ್ಸ್ ಸಂಸ್ಥೆಯ ಪಾರ್ಕ್ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ರೂಪಿಸಿದ ಈಥರ್ನೆಟ್, 1990ರ ಹೊತ್ತಿಗೆ ತಿರುಚಿದ ಜೋಡಿ ತಂತಿಗಳ ಮೇಲೆ ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುತ್ತಿತ್ತು.

ಆದರೆ ನಡುವೆ ಹಬ್ ಎಂಬ ಸಂಪರ್ಕ ಸಾಧನವಿಲ್ಲದೆ ನೇರ ಜೋಡಿಸಲು ಸಾಮಾನ್ಯ ಕೇಬಲ್ ನಡೆಯುತ್ತಿರಲಿಲ್ಲ. ಒಂದು ನೆಟ್‌ವರ್ಕ್ ಕಾರ್ಡು ಕಳಿಸುವ ಪಿನ್ನಿನಿಂದಲೇ ಇನ್ನೊಂದೂ ಕಳಿಸಿದರೆ ಕೇಳುವವರು ಯಾರು? ಹಾಗಾಗಿ ಬಂತು ಕ್ರಾಸ್‌ಓವರ್ ಕೇಬಲ್: ಒಂದು ತುದಿಯ 1, 2ನೇ ಪಿನ್ನುಗಳು ಇನ್ನೊಂದು ತುದಿಯಲ್ಲಿ 3, 6ಕ್ಕೆ. ಕನೆಕ್ಟರ್ ಹಿಡಿದು ನೋಡಿದರೆ ಕಿತ್ತಳೆ ಜೋಡಿಯ ಜಾಗದಲ್ಲಿ ಹಸಿರು ಜೋಡಿ ಕಾಣುತ್ತಿತ್ತು.

1999ರಲ್ಲಿ ಗಿಗಾಬಿಟ್ ಈಥರ್ನೆಟ್ ತಾಮ್ರದ ತಂತಿಗೆ ಬಂತು. ತಂತಿಯ ಅದಲುಬದಲನ್ನು ಕಾರ್ಡುಗಳೇ ಗುರುತಿಸಿ ಸರಿಪಡಿಸಿಕೊಳ್ಳತೊಡಗಿದವು; ಕ್ರಾಸ್‌ಓವರ್ ಮೂಲೆ ಸೇರಿತು.

2006ರಲ್ಲಿ ತಾಮ್ರದ ವೇಗ 10 ಗಿಗಾಬಿಟ್‌ಗೆ ಏರಿತು. ಈಗ ಎರಡು ಕಾರ್ಡು, ಒಂದು ಕೇಬಲ್, ಎರಡೂ ಕಡೆ ಒಂದೇ ಜಾಲದ ಐಪಿ ವಿಳಾಸ ಇದ್ದರೆ ಸ್ವಿಚ್ಚೂ ಬೇಡ. ಮನೆಯ ಹಳೆಯ ಹಾರ್ಡ್‌ಡಿಸ್ಕ್ ಈ ವೇಗಕ್ಕೆ ಸಾಟಿಯಾಗದು. ಅದರ ಪೂರ್ತಿ ಲಾಭ ಬೇಕಿದ್ದರೆ ಎರಡೂ ಕಡೆ ವೇಗದ ಎಸ್‌ಎಸ್‌ಡಿ ಇರಬೇಕು.