ಭಾರತದ ಮಾಜಿ ಸೈನಿಕರ ಸಂಘಟನೆಗಳು: ಲೀಗ್‌ನಿಂದ ಅಗ್ನಿವೀರರ ಕಾಲದವರೆಗೆ

ಭಾರತದಲ್ಲಿ ಮಾಜಿ ಸೈನಿಕರ ಹಕ್ಕಿನ ಹೋರಾಟವೆಂದರೆ 2015ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ನಡೆದ ಧರಣಿ, ಅದರ ಬೇಡಿಕೆಯೆಂದರೆ ‘ಸಮಾನ ಶ್ರೇಣಿ ಸಮಾನ ಪಿಂಚಣಿ’ ಎಂಬ ಗ್ರಹಿಕೆ ಈಚೆಗೆ ಬೇರೂರಿದೆ. ಆ ಧರಣಿಗೆ ಅರ್ಧ ಶತಮಾನ ಮೊದಲೇ ಸಂಘಟನೆ ಹುಟ್ಟಿತ್ತು. ಕ್ಯಾಮೆರಾಗಳ ಮುಂದೆ ನಡೆದದ್ದಕ್ಕಿಂತ ಹೆಚ್ಚಿನ ಕೆಲಸ ಅರ್ಜಿ, ಕಡತ, ವೈದ್ಯಕೀಯ ಮಂಡಳಿಯ ವರದಿ ಮತ್ತು ನ್ಯಾಯಾಲಯದ ಕಲಾಪಗಳಲ್ಲಿ ನಡೆದಿದೆ.

ಬ್ರಿಟಿಷರ ಕಾಲದಲ್ಲಿ ಇದ್ದದ್ದು ಪೋಷಣೆಯ ವ್ಯವಸ್ಥೆ. ಹಕ್ಕಿನ ಮಾತು ಅಲ್ಲಿರಲಿಲ್ಲ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ಸೈನ್ಯದಿಂದ ಬಿಡುಗಡೆಯಾದವರ ಯೋಗಕ್ಷೇಮಕ್ಕೆಂದು ಸೈನಿಕರ ಮಂಡಳಿ ಸ್ಥಾಪನೆಯಾಯಿತು. 1975ರಲ್ಲಿ ಕೇಂದ್ರೀಯ ಸೈನಿಕ ಮಂಡಳಿ ಎಂದು ಹೆಸರು ಪಡೆದದ್ದು ಅದೇ. ಇಂದಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳ ಬೇರು ಅಲ್ಲಿದೆ. 1917ರಲ್ಲಿ ಅಂಗವಿಕಲ ಸೈನಿಕರ ತರಬೇತಿಗಾಗಿ ಆರಂಭವಾದ, ಈಗ ಪುಣೆಯ ಖಡ್ಕಿಯಲ್ಲಿರುವ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯೂ ಅದೇ ಕಾಲದ್ದು. ಇವೆಲ್ಲ ಸರ್ಕಾರವೋ ದಾನಿಗಳೋ ಕೊಟ್ಟದ್ದು. ಸೈನಿಕನೇ ಬಾಯಿಬಿಟ್ಟು ಕೇಳುವ ವೇದಿಕೆ ಇರಲಿಲ್ಲ.

ಅಂಥ ವೇದಿಕೆಯನ್ನು ಕಟ್ಟುವುದರಲ್ಲಿ ಮುಂದಾಳಾದವರು ಕೊಡಗಿನ ಕೆ.ಎಂ. ಕಾರ್ಯಪ್ಪ. ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿದ್ದ ಅವರು 1953ರ ಜನವರಿ 14ರಂದು ನಿವೃತ್ತರಾದರು. ಆಸ್ಟ್ರೇಲಿಯಾದಲ್ಲಿ ಹೈಕಮಿಷನರ್ ಆಗಿದ್ದು ಮರಳಿದ ಮೇಲೆ ಮಡಿಕೇರಿಯಲ್ಲಿ ನೆಲೆಸಿ, ನಿವೃತ್ತ ಜವಾನರ ಪಾಡನ್ನು ತಮ್ಮ ಕೆಲಸವಾಗಿಸಿಕೊಂಡರು. 1964ರಲ್ಲಿ ರೂಪುಗೊಂಡ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್‌ನ ಹಿಂದೆ ಅವರ ಒತ್ತಾಸೆ ಇತ್ತು. ಮೂರೂ ಪಡೆಗಳಿಗೆ, ಎಲ್ಲ ದರ್ಜೆಗಳಿಗೆ ಒಂದೇ ಸಂಸ್ಥೆ ಎಂಬುದು ಲೀಗ್‌ನ ಹೆಗ್ಗಳಿಕೆ. ಜವಾನ ನಿವೃತ್ತನಾಗುವುದು ಮೂವತ್ತೈದು ನಲವತ್ತರ ಹರೆಯದಲ್ಲಿ; ಆ ವಯಸ್ಸಿಗೆ ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ನಾಗರಿಕ ನೌಕರನಿಗೆ ಪಿಂಚಣಿ ಮುಪ್ಪಿನ ಆಸರೆಯಾದರೆ ಜವಾನನಿಗೆ ಅದು ನಡುವಯಸ್ಸಿನ ಸಂಸಾರದ ಖರ್ಚು. ಮುಂದಿನ ಎಲ್ಲ ಬೇಡಿಕೆಗಳೂ ಈ ಒಂದು ವ್ಯತ್ಯಾಸದಿಂದ ಹುಟ್ಟಿದವು. ಕಾರ್ಯಪ್ಪನವರ ನಿವೃತ್ತಿಯ ದಿನವನ್ನು ಈಗ ದೇಶ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತದೆ. ಆದರೆ ಅಂದಿನ ಭಾಷಣಗಳಲ್ಲಿ ದಂಡನಾಯಕ ಕಾರ್ಯಪ್ಪ ಬರುವಷ್ಟು ಸಂಘಟಕ ಕಾರ್ಯಪ್ಪ ಬರುವುದಿಲ್ಲ.

1971ರ ಯುದ್ಧದ ಮರುವರ್ಷ ಮೋಹಿನಿ ಗಿರಿ ಅವರು ಯುದ್ಧವಿಧವೆಯರ ಸಂಘವನ್ನು ಸ್ಥಾಪಿಸಿದರು. ಲೀಗ್‌ನ ಸಭೆಗಳಲ್ಲಿ ಗಂಡಸರ ದನಿಯೇ ಮೇಲಾಗಿದ್ದ ಕಾಲಕ್ಕೆ ಅದು ಬೇಕಾಗಿದ್ದ ಸಂಸ್ಥೆ.

ಪಿಂಚಣಿಯ ಪ್ರಶ್ನೆ ಬಿಗಿಯಾದದ್ದು 1973ರಲ್ಲಿ. ಮೂರನೇ ವೇತನ ಆಯೋಗವು ಸೈನಿಕರನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ಅಲ್ಲಿಯವರೆಗೆ ಪ್ರತ್ಯೇಕವಾಗಿದ್ದ ಲೆಕ್ಕಾಚಾರ ನಾಗರಿಕ ನೌಕರರ ಲೆಕ್ಕಾಚಾರದ ಜೊತೆ ಸೇರಿದಾಗ ಬೇಗ ನಿವೃತ್ತನಾಗುವವನಿಗೆ ಇದ್ದ ಅನುಕೂಲ ಕರಗಿತು ಎಂಬುದು ಸಂಘಟನೆಗಳ ವಾದ. ಅದು ಇಂದಿಗೂ ನಿಂತಿದೆ.

1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ನೀಡಿದ ಡಿ.ಎಸ್. ನಕಾರಾ ತೀರ್ಪು ಹೊಸ ದಾರಿ ತೆರೆಯಿತು. ಪಿಂಚಣಿ ಸರ್ಕಾರದ ಕೃಪೆಯಲ್ಲ, ಸಲ್ಲಿಸಿದ ಸೇವೆಯಿಂದ ಗಳಿಸಿದ ಹಕ್ಕು ಎಂದು ನ್ಯಾಯಮೂರ್ತಿ ಡಿ.ಎ. ದೇಸಾಯಿ ಬರೆದರು. ನಿವೃತ್ತಿಯ ದಿನಾಂಕ ನೋಡಿ ಪಿಂಚಣಿದಾರರನ್ನು ಎರಡು ಗುಂಪು ಮಾಡುವುದು ಸಮಾನತೆಗೆ ವಿರುದ್ಧ ಎಂದರು. ಅರ್ಜಿದಾರರಲ್ಲಿ ಒಬ್ಬರು ನಿವೃತ್ತ ಸೇನಾಧಿಕಾರಿ. 1984ರಲ್ಲಿ ಕೆ.ಪಿ. ಸಿಂಗ್ ದೇವ್ ಸಮಿತಿಯೂ ಮಾಜಿ ಸೈನಿಕರ ಪರ ಮಾತಾಡಿತು. ಆದರೆ ನಕಾರಾ ತೀರ್ಪನ್ನೇ ಆಧಾರ ಮಾಡಿಕೊಂಡು ಲೀಗ್ ಸಮಾನ ಪಿಂಚಣಿ ಕೇಳಿದಾಗ, 1991ರಲ್ಲಿ ಸಂವಿಧಾನ ಪೀಠ ಒಪ್ಪಲಿಲ್ಲ. ಪಿಂಚಣಿಯನ್ನು ಲೆಕ್ಕ ಹಾಕುವ ಸೂತ್ರ ಎಲ್ಲರಿಗೂ ಒಂದೇ ಇರಬೇಕು, ಕೈಗೆ ಬರುವ ಮೊತ್ತ ಒಂದೇ ಇರಬೇಕಿಲ್ಲ ಎಂದು ಅದು ಹೇಳಿತು. ಈ ಸೋಲು ಲೀಗ್‌ನ ಉತ್ಸಾಹವನ್ನು ಕುಗ್ಗಿಸಿತು. ಸರ್ಕಾರ 1992ರಿಂದ ಒಂದು ಬಾರಿಯ ಹೆಚ್ಚಳ ಕೊಟ್ಟಿತು. ಅದನ್ನು ಪಡೆದು ಲೀಗ್ ಕಲ್ಯಾಣ ಕಾರ್ಯಗಳಿಗೆ ಹಿಂದಿರುಗಿತು. ಅಧಿಕಾರಕ್ಕೆ ಹತ್ತಿರವಿದ್ದು ಮನವಿ ಸಲ್ಲಿಸುವ ಅಭ್ಯಾಸ ಅದನ್ನು ಮೃದುವಾಗಿಸಿತ್ತು ಎಂಬ ಟೀಕೆಯಲ್ಲಿ ಹುರುಳಿದೆ. ಆದರೂ ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಪಿಂಚಣಿಯಿಲ್ಲದೆ ಮುದುಕರಾದವರಿಗೆ ಕಾಮನ್‌ವೆಲ್ತ್ ಲೀಗ್‌ನ ನೆರವನ್ನು ತಲುಪಿಸಿದ್ದು ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್.

ಮುಂದಿನ ಎರಡು ದಶಕಗಳಲ್ಲಿ ನಿಜವಾದ ಪ್ರಗತಿ ಸಾಧಿಸಿದ್ದು ನ್ಯಾಯಾಲಯದ ದಾರಿ ಹಿಡಿದವರು. ನಾಲ್ಕನೇ ವೇತನ ಆಯೋಗದ ನಂತರ ಕ್ಯಾಪ್ಟನ್‌ನಿಂದ ಬ್ರಿಗೇಡಿಯರ್‌ವರೆಗಿನ ಅಧಿಕಾರಿಗಳಿಗೆ ಶ್ರೇಣಿ ವೇತನ ಕೊಟ್ಟರು. ಆದರೆ ವೇತನ ನಿಗದಿಯ ಹೊತ್ತಿಗೆ ಮೂಲವೇತನದಿಂದ ಅಷ್ಟೇ ಮೊತ್ತವನ್ನು ಕಳೆದರು. ಮೇಜರ್ ಎ.ಕೆ. ಧನಪಾಲನ್ ಇದನ್ನು ಪ್ರಶ್ನಿಸಿ 1998ರಲ್ಲಿ ಕೇರಳ ಹೈಕೋರ್ಟ್‌ನಲ್ಲಿ ಗೆದ್ದರು. ಆ ಗೆಲುವನ್ನು ಎಲ್ಲ ಅಧಿಕಾರಿಗಳಿಗೂ ಅನ್ವಯಿಸುವ ಹೋರಾಟದಲ್ಲಿ ನಿವೃತ್ತ ರಕ್ಷಣಾ ಅಧಿಕಾರಿಗಳ ಸಂಘ ಜೊತೆಗೂಡಿತು. 2012ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಂತಿಮಗೊಳಿಸಿತು. 2009ರ ಆಗಸ್ಟ್‌ನಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೆಲಸ ಆರಂಭಿಸಿದ ಮೇಲೆ ಸಾಮಾನ್ಯ ಜವಾನನಿಗೂ ಬಾಗಿಲು ತೆರೆಯಿತು. 2013ರ ಧರ್ಮವೀರ್ ಸಿಂಗ್ ತೀರ್ಪು ಈ ಅವಧಿಯ ಅತ್ಯಂತ ಮಾನವೀಯ ಸಾಧನೆ. ಸೇರುವಾಗ ಆರೋಗ್ಯವಂತನೆಂದು ದಾಖಲಿಸಿ ತೆಗೆದುಕೊಂಡ ಸೈನಿಕನಿಗೆ ಸೇವೆಯಲ್ಲಿದ್ದಾಗ ಕಾಯಿಲೆ ಬಂದರೆ, ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು. ಅಲ್ಲವೆಂದು ಸಾಧಿಸುವ ಹೊಣೆ ಸೇನೆಯದು ಎಂದು ನ್ಯಾಯಾಲಯ ಹೇಳಿತು. ಮರುವರ್ಷದ ರಾಮ್ ಅವತಾರ್ ತೀರ್ಪು ಅಂಗವೈಕಲ್ಯ ಪಿಂಚಣಿಯ ಶೇಕಡಾ ಪ್ರಮಾಣವನ್ನು ಮೇಲಿನ ಹಂತಕ್ಕೆ ಏರಿಸಿ ಲೆಕ್ಕಹಾಕುವ ಸೌಲಭ್ಯವನ್ನು ಅವಧಿ ಮುಗಿಸಿ ನಿವೃತ್ತರಾದವರಿಗೂ ವಿಸ್ತರಿಸಿತು. ಅಂಗವಿಕಲ ಸೈನಿಕರ ವಿರುದ್ಧ ಸರ್ಕಾರವೇ ಮೇಲ್ಮನವಿ ಹೂಡುವ ಪರಿಪಾಠವನ್ನು ರಕ್ಷಣಾ ಸಚಿವರು ನೇಮಿಸಿದ್ದ ತಜ್ಞರ ಸಮಿತಿಯೇ 2015ರಲ್ಲಿ ಟೀಕಿಸಿತು.

ಬೀದಿಯ ಹೋರಾಟ ಬೆಳೆದದ್ದು ಆರನೇ ವೇತನ ಆಯೋಗದ ಅತೃಪ್ತಿಯಿಂದ. 2008ರಲ್ಲಿ ರೂಪುಗೊಂಡ ಇಂಡಿಯನ್ ಎಕ್ಸ್-ಸರ್ವಿಸ್‌ಮೆನ್ ಮೂವ್‌ಮೆಂಟ್ ಮನವಿಯ ಭಾಷೆಯನ್ನು ಬಿಟ್ಟಿತು. 2009ರಿಂದ ಸಾವಿರಾರು ಪದಕಗಳು ರಾಷ್ಟ್ರಪತಿ ಭವನಕ್ಕೆ ಹಿಂತಿರುಗಿದವು. ಪದಕವನ್ನು ಪ್ರಾಣದಂತೆ ಕಾಪಾಡಿಕೊಂಡವರು ಅದನ್ನು ಒಪ್ಪಿಸಿ ಬರುವುದು ಸುಲಭದ ನಿರ್ಧಾರವಾಗಿರಲಿಲ್ಲ. 2011ರಲ್ಲಿ ಭಗತ್ ಸಿಂಗ್ ಕೋಶ್ಯಾರಿ ಅಧ್ಯಕ್ಷತೆಯ ರಾಜ್ಯಸಭಾ ಅರ್ಜಿಗಳ ಸಮಿತಿ ಬೇಡಿಕೆಗೆ ಸ್ಪಷ್ಟ ರೂಪ ಕೊಟ್ಟಿತು: ಒಂದೇ ಶ್ರೇಣಿಯಲ್ಲಿ ಒಂದೇ ಅವಧಿ ದುಡಿದವರಿಗೆ, ಯಾವಾಗಲೇ ನಿವೃತ್ತರಾಗಿರಲಿ, ಒಂದೇ ಪಿಂಚಣಿ, ಮುಂದೆ ದರ ಹೆಚ್ಚಿದರೆ ಹಳಬರಿಗೂ ತಾನಾಗಿ ಹೆಚ್ಚಬೇಕು.

2013ರ ಸೆಪ್ಟೆಂಬರ್‌ನ ರೇವಾಡಿ ಸಭೆಯಲ್ಲಿ ನರೇಂದ್ರ ಮೋದಿ ಈ ವಿಷಯವನ್ನು ಎತ್ತಿಕೊಂಡರು. 2014ರ ಫೆಬ್ರುವರಿಯ ಮಧ್ಯಂತರ ಬಜೆಟ್‌ನಲ್ಲಿ ಪಿ. ಚಿದಂಬರಂ 500 ಕೋಟಿ ರೂಪಾಯಿ ತೆಗೆದಿಟ್ಟರು. ಎರಡು ಸರ್ಕಾರಗಳು ಒಪ್ಪಿದರೂ ಆದೇಶ ಬರಲಿಲ್ಲ. 2015ರ ಜೂನ್ 15ರಂದು ಧರಣಿ ಆರಂಭವಾಯಿತು. ಸ್ವಾತಂತ್ರ್ಯ ದಿನದ ಮುನ್ನಾದಿನ ಪೊಲೀಸರು ಇಳಿವಯಸ್ಸಿನ ಸೈನಿಕರನ್ನು ಎಳೆದಾಡಿದ ಚಿತ್ರಗಳು ದೇಶದ ಮನಸ್ಸನ್ನು ಕಲಕಿದವು. ಸೇನಾಪಡೆಗಳ ಹತ್ತು ಮಂದಿ ಮಾಜಿ ಮುಖ್ಯಸ್ಥರು ರಾಷ್ಟ್ರಪತಿಗೆ ಬಹಿರಂಗ ಪತ್ರ ಬರೆದರು. ಸೆಪ್ಟೆಂಬರ್ 5ರಂದು ಸಚಿವ ಮನೋಹರ್ ಪರ್ರೀಕರ್ ಯೋಜನೆಯನ್ನು ಪ್ರಕಟಿಸಿದರು. 2014ರ ಜುಲೈ 1ರಿಂದ ಅನ್ವಯ, 2013ರಲ್ಲಿ ನಿವೃತ್ತರಾದವರ ಕನಿಷ್ಠ ಮತ್ತು ಗರಿಷ್ಠ ಪಿಂಚಣಿಯ ಸರಾಸರಿ ಆಧಾರ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. ಕೋಶ್ಯಾರಿ ಸಮಿತಿಯ ವ್ಯಾಖ್ಯೆಗೂ ಇದಕ್ಕೂ ಇರುವ ಅಂತರ ಸಣ್ಣದಲ್ಲ. ತಾನಾಗಿ ಹೆಚ್ಚಬೇಕಾದದ್ದು ಐದು ವರ್ಷ ಕಾಯುವಂತಾಯಿತು. ಮೂವ್‌ಮೆಂಟ್ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಮಾರ್ಚ್ 16ರಂದು ನ್ಯಾಯಾಲಯ ಸರ್ಕಾರದ ಸೂತ್ರವನ್ನು ಎತ್ತಿಹಿಡಿಯಿತು. 2019ರ ಜುಲೈನಲ್ಲಿ ಆಗಬೇಕಿದ್ದ ಪರಿಷ್ಕರಣೆಯನ್ನು ಬಾಕಿಯೊಂದಿಗೆ ಮಾಡಲು ಮೂರು ತಿಂಗಳ ಗಡುವು ಕೊಟ್ಟಿತು. ಆ ಗಡುವು ಹಲವು ಸಲ ಮೀರಿ, 2023ರ ಮಾರ್ಚ್‌ನಲ್ಲಿ ನ್ಯಾಯಾಲಯವೇ ಕುಟುಂಬ ಪಿಂಚಣಿದಾರರು ಮತ್ತು ಶೌರ್ಯ ಪ್ರಶಸ್ತಿ ಪಡೆದವರಿಗೆ ಮೊದಲು, ಎಪ್ಪತ್ತು ದಾಟಿದವರಿಗೆ ನಂತರ, ಉಳಿದವರಿಗೆ ಕಂತುಗಳಲ್ಲಿ ಎಂದು ಪಟ್ಟಿ ಹಾಕಿಕೊಡಬೇಕಾಯಿತು.

ಈ ದೊಡ್ಡ ಹೋರಾಟದ ನಾಯಕತ್ವ ಬಹುಪಾಲು ನಿವೃತ್ತ ಅಧಿಕಾರಿಗಳ ಕೈಯಲ್ಲಿತ್ತು. ಬಣಗಳಾಗಿ ಒಡೆದಾಗಲೂ ಒಡೆದದ್ದು ಅವರ ನಡುವೆಯೇ. ಪಿಂಚಣಿದಾರರಲ್ಲಿ ಬಹುಸಂಖ್ಯಾತರು ಜವಾನರು ಮತ್ತು ಜೂನಿಯರ್ ಕಮಿಷನ್ಡ್ ಅಧಿಕಾರಿಗಳು. ಅವರಿಗೆಂದೇ ವಾಯ್ಸ್ ಆಫ್ ಎಕ್ಸ್-ಸರ್ವಿಸ್‌ಮೆನ್ ಸೊಸೈಟಿಯಂಥ ಸಂಸ್ಥೆಗಳು ಬೇರೆಯಾಗಿ ಎದ್ದವು. ಏಳನೇ ವೇತನ ಆಯೋಗದ ನಂತರ ಸೇನಾ ಸೇವಾ ವೇತನ ಅಧಿಕಾರಿಗೆ ತಿಂಗಳಿಗೆ 15,500 ರೂಪಾಯಿ, ಜವಾನನಿಗೆ 5,200. ಒಂದೇ ಗಡಿಯ ಚಳಿಗೆ ಎರಡು ಬೆಲೆ ಕಟ್ಟಿದ ಈ ಲೆಕ್ಕಕ್ಕೆ ಸಮರ್ಥನೆ ಕಷ್ಟ. 2023ರಲ್ಲಿ ಜಂತರ್ ಮಂತರ್‌ನಲ್ಲಿ ಜವಾನರು ಕುಳಿತ ಧರಣಿಗೆ 2015ರ ಧರಣಿಯ ಹತ್ತರಲ್ಲೊಂದು ಪಾಲು ಪ್ರಚಾರವೂ ಸಿಗಲಿಲ್ಲ.

ಹೊಸ ತೊಡಕುಗಳು ಗ್ರಾಮೀಣ ಪಿಂಚಣಿದಾರರನ್ನು ಹೆಚ್ಚು ಕಾಡುತ್ತವೆ. ಪಿಂಚಣಿಯನ್ನು ಬ್ಯಾಂಕುಗಳಿಂದ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ವರ್ಗಾಯಿಸಿದ ಹಂತದಲ್ಲಿ, ವಾರ್ಷಿಕ ಗುರುತು ದೃಢೀಕರಣ ಆಗಿಲ್ಲವೆಂದು 2022ರ ಏಪ್ರಿಲ್‌ನಲ್ಲಿ 58 ಸಾವಿರಕ್ಕೂ ಹೆಚ್ಚು ಮಂದಿಯ ಪಿಂಚಣಿ ನಿಂತು, ಗದ್ದಲವಾದ ಮೇಲೆ ಜಮೆಯಾಯಿತು. ಕೊಡಗು, ಹಾಸನ, ಬೆಳಗಾವಿಯ ಹಳ್ಳಿಗಳಲ್ಲಿ ಕುಟುಂಬ ಪಿಂಚಣಿ ಪಡೆಯುವ ವೃದ್ಧೆಗೆ ಪಿಂಚಣಿ ಆದೇಶ ತಲುಪುವುದು ಅವಳು ಓದಲಾರದ ಭಾಷೆಯಲ್ಲಿ. ಗಂಡನ ದಾಖಲೆಯಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದರೂ ತಿದ್ದುಪಡಿಗೆ ಕಾಗದ ರೆಕಾರ್ಡ್ ಆಫೀಸಿನಿಂದ ಪ್ರಯಾಗ್‌ರಾಜ್‌ನ ಪಿಂಚಣಿ ಕಚೇರಿಯವರೆಗೆ ಅಲೆಯುತ್ತದೆ. ಇಂಥ ಕಾಗದಗಳ ಬೆನ್ನುಹತ್ತುವ ತಾಲ್ಲೂಕು ಮಟ್ಟದ ಸಂಘಗಳೇ ಇಂದು ಮಾಜಿ ಸೈನಿಕರ ನಿಜವಾದ ವಕೀಲರು. ಅವುಗಳ ಕೆಲಸವನ್ನು ದಾಖಲಿಸಿದ ಪುಸ್ತಕ ಕನ್ನಡದಲ್ಲಿ ಬರಬೇಕಾಗಿದೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಅಂಗವೈಕಲ್ಯದ ಹೊಸ ನಿಯಮಗಳು ಧರ್ಮವೀರ್ ತೀರ್ಪಿನಿಂದ ದಕ್ಕಿದ್ದನ್ನು ಮುಂದಿನವರಿಗೆ ಮೊಟಕುಗೊಳಿಸುತ್ತವೆ ಎಂಬ ಆತಂಕವನ್ನು ಸಂಘಟನೆಗಳು ಆಗಲೇ ಹೇಳಿದವು.

2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆ ಈ ಕ್ಷೇತ್ರದ ತಳಹದಿಯನ್ನೇ ಬದಲಿಸಿದೆ. ಅದರಡಿ ಸೇನೆಗೆ ಸೇರುವ ಅಗ್ನಿವೀರರು ನಾಲ್ಕು ವರ್ಷ ದುಡಿಯುತ್ತಾರೆ. ಗರಿಷ್ಠ ನಾಲ್ಕನೇ ಒಂದು ಭಾಗದವರು ಸೇವೆಯಲ್ಲಿ ಉಳಿಯುತ್ತಾರೆ. ಉಳಿದವರು ಸುಮಾರು 11.7 ಲಕ್ಷ ರೂಪಾಯಿಯ ಸೇವಾನಿಧಿಯೊಂದಿಗೆ ಮನೆಗೆ ಮರಳುತ್ತಾರೆ. ಅವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕನೆಂಬ ಸ್ಥಾನಮಾನವೂ ಇಲ್ಲ. ಲೀಗ್ ಆಗಲಿ ಮೂವ್‌ಮೆಂಟ್ ಆಗಲಿ ಬೆಳೆದದ್ದು ಪಿಂಚಣಿದಾರರ ಸುತ್ತ. ಪಿಂಚಣಿಯಿಲ್ಲದೆ ಇಪ್ಪತ್ತರ ಹರೆಯದಲ್ಲೇ ಸಮವಸ್ತ್ರ ಕಳಚುವವರನ್ನು ತಮ್ಮವರೆಂದು ನೋಂದಾಯಿಸಿಕೊಳ್ಳಲು ಆ ಸಂಘಗಳು ತಮ್ಮ ಸದಸ್ಯತ್ವದ ನಿಯಮಗಳಿಂದಲೇ ತಿದ್ದುಪಡಿ ಆರಂಭಿಸಬೇಕು. ಭೂಸೇನೆಯ ಮೊದಲ ತಂಡ ತರಬೇತಿಗೆ ಸೇರಿದ್ದು 2023ರ ಆರಂಭದಲ್ಲಿ. ಅದರ ನಾಲ್ಕು ವರ್ಷ ತುಂಬುವುದು 2027ರ ಆರಂಭಕ್ಕೆ.