ಕಾಚಿಗೂಡದಿಂದ ಕಂಡ ಸೆಪ್ಟೆಂಬರ್ 17

ಹೈದರಾಬಾದಿನ ಕಾಚಿಗೂಡದಲ್ಲಿ 1916ರಲ್ಲಿ ನಿಜಾಮರ ಕಾಲದಲ್ಲಿ ಕಟ್ಟಿದ ರೈಲು ನಿಲ್ದಾಣವಿದೆ. ಅದೇ ಬಡಾವಣೆಯಲ್ಲಿ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಇವೆ. ಇಲ್ಲಿನ ಕನ್ನಡಿಗರಿಗೆ ವರ್ಷದಲ್ಲಿ ಎರಡು ದಿನಗಳು ವಿಶೇಷವಾದವು. ಒಂದು ಸೆಪ್ಟೆಂಬರ್ 17, ಇನ್ನೊಂದು ನವೆಂಬರ್ 1. ಎರಡೂ ಸಂಭ್ರಮದ ದಿನಗಳೇ ಆದರೂ ಎರಡರ ಒಡಲಲ್ಲಿಯೂ ನೋವಿನ ಎಳೆಯಿದೆ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರ ಸಂಜೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಕದನವಿರಾಮವನ್ನು ಘೋಷಿಸಿದರು. ಮರುದಿನ ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್ ಅವರು ಮೇಜರ್ ಜನರಲ್ ಜೆ. ಎನ್. ಚೌಧುರಿಯವರಿಗೆ ವಿಧಿವತ್ತಾಗಿ ಶರಣಾದರು. ಸಂಸ್ಥಾನದ ಕನ್ನಡ ಜಿಲ್ಲೆಗಳಾದ ಬೀದರ, ಗುಲಬರ್ಗಾ, ರಾಯಚೂರುಗಳಿಗೆ ಸ್ವಾತಂತ್ರ್ಯದ ಬೆಳಕು ತಲುಪಿದ್ದು ಹೀಗೆ, ಹದಿಮೂರು ತಿಂಗಳು ತಡವಾಗಿ. ಈ ಹೋರಾಟದಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳಾಗಿದ್ದ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ಇಂದಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ.

ಈ ಒಂದೇ ದಿನಕ್ಕೆ ಇಂದು ಹಲವು ಹೆಸರುಗಳಿವೆ. ಮಹಾರಾಷ್ಟ್ರದಲ್ಲಿ ಅದು ಮರಾಠವಾಡಾ ಮುಕ್ತಿಸಂಗ್ರಾಮ ದಿನ. ಕರ್ನಾಟಕದಲ್ಲಿ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಗಿದ್ದುದು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ದಿನವಾಯಿತು; ಮುಖ್ಯಮಂತ್ರಿಗಳು ಕಲಬುರಗಿಗೆ ಬಂದು ಧ್ವಜಾರೋಹಣ ಮಾಡುತ್ತಾರೆ. ತೆಲಂಗಾಣದಲ್ಲಂತೂ ಹೆಸರೇ ವಿವಾದದ ವಸ್ತು. 2022ರಲ್ಲಿ ರಾಜ್ಯ ಸರ್ಕಾರ ಅದನ್ನು ರಾಷ್ಟ್ರೀಯ ಸಮೈಕ್ಯತೆಯ ದಿನವೆಂದು ಆಚರಿಸಿತು. ಅದೇ ದಿನ ಕೇಂದ್ರ ಸರ್ಕಾರ ಸಿಕಂದರಾಬಾದಿನ ಪೆರೇಡ್ ಮೈದಾನದಲ್ಲಿ ವಿಮೋಚನಾ ದಿನವನ್ನು ಆಚರಿಸಿತು. 2024ರಲ್ಲಿ ರಾಜ್ಯದ ಹೊಸ ಸರ್ಕಾರ ಪ್ರಜಾಪಾಲನೆಯ ದಿನವೆಂದು ಮತ್ತೊಂದು ಹೆಸರಿಟ್ಟಿತು.

ಹೆಸರಿನ ಜಗಳ ಕೇವಲ ರಾಜಕೀಯದ್ದೆಂದು ತಳ್ಳಿಹಾಕುವಂತಿಲ್ಲ. ವಿಮೋಚನೆಯೆಂದರೆ ಯಾರಿಂದ ಎಂಬ ಪ್ರಶ್ನೆ ಏಳುತ್ತದೆ. ನಿಜಾಮರಿಂದ ಎಂದರೆ, ಅವರೇ 1950ರಿಂದ 1956ರವರೆಗೆ ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿದ್ದರು. ರಜಾಕಾರರಿಂದ ಎಂದರೆ ಜನರ ಅನುಭವಕ್ಕೆ ಹತ್ತಿರವಾದೀತು. ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಆ ಸೀಮೆ ಇನ್ನೂ ಮರೆತಿಲ್ಲ. ಆದರೆ ಕಾರ್ಯಾಚರಣೆಯ ವೇಳೆ ಮತ್ತು ಅದರ ನಂತರ ನಡೆದುದೂ ಚರಿತ್ರೆಯೇ. ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ, ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು. ಅವರಲ್ಲಿ ಬಹುಪಾಲು ಮುಸ್ಲಿಮರು. ಹೆಚ್ಚು ನೊಂದ ಜಿಲ್ಲೆಗಳ ಸಾಲಿನಲ್ಲಿ ನಮ್ಮ ಗುಲಬರ್ಗಾ, ಬೀದರಗಳೂ ಇದ್ದವು.

ಈ ಎರಡು ನೋವುಗಳ ನಡುವೆ ಕಾಚಿಗೂಡ ನೆನೆಯಬೇಕಾದ ಹೆಸರೊಂದಿದೆ: ಶೋಯಬುಲ್ಲಾ ಖಾನ್. ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆಯ ಈ ತರುಣ ಸಂಪಾದಕರು ಸಂಸ್ಥಾನ ಭಾರತದಲ್ಲಿ ವಿಲೀನವಾಗಬೇಕೆಂದು ನಿರ್ಭಯವಾಗಿ ಬರೆದರು. 1948ರ ಆಗಸ್ಟ್ ತಿಂಗಳಿನ ಒಂದು ರಾತ್ರಿ, ಇದೇ ಕಾಚಿಗೂಡದಲ್ಲಿ, ಮನೆಗೆ ಮರಳುತ್ತಿದ್ದಾಗ ಹಂತಕರು ಅವರನ್ನು ಕೊಂದರು. ಬರೆಯುವ ಕೈಯನ್ನೂ ಕಡಿದರು. ಅವರು ಬಯಸಿದ ದಿನ ಬರಲು ಇನ್ನು ನಾಲ್ಕು ವಾರಗಳಷ್ಟೂ ಉಳಿದಿರಲಿಲ್ಲ. ಸೆಪ್ಟೆಂಬರ್ 17 ಯಾವ ಒಂದು ಮತದವರ ಗೆಲುವೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ನೋವನ್ನೂ ನೆನೆಯುತ್ತ ಹಬ್ಬ ಮಾಡುವುದು ಹೇಗೆಂಬ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಜರ್ಮನಿಯಲ್ಲಿ ಬರ್ಲಿನ್ ಗೋಡೆ ತೆರೆದದ್ದು 1989ರ ನವೆಂಬರ್ 9ರಂದು. ಏಕತೆಯ ರಜಾದಿನಕ್ಕೆ ಅದೇ ಸಹಜವಾದ ತಾರೀಕಾಗಿ ಕಾಣುತ್ತಿತ್ತು. ಆದರೆ 1938ರ ಅದೇ ತಾರೀಕಿನ ರಾತ್ರಿ ನಾಜಿಗಳು ಯೆಹೂದ್ಯರ ಮಂದಿರಗಳಿಗೆ ಬೆಂಕಿಯಿಟ್ಟಿದ್ದರು. ಅಂಥ ದಿನ ಹಬ್ಬವಾಗಬಾರದೆಂಬ ಭಾವನೆ ಬಲವಾಗಿತ್ತು. ಕೊನೆಗೆ 1990ರಲ್ಲಿ ಎರಡು ಜರ್ಮನಿಗಳು ಕಾನೂನಿನಂತೆ ಒಂದಾದ ಅಕ್ಟೋಬರ್ 3 ರಾಷ್ಟ್ರೀಯ ರಜಾದಿನವಾಯಿತು. ಮುಖ್ಯ ಸಮಾರಂಭ ರಾಜಧಾನಿಗೆ ಮೀಸಲಲ್ಲ. ವರ್ಷಕ್ಕೊಂದು ರಾಜ್ಯ ಸರದಿಯಂತೆ ಆತಿಥ್ಯ ವಹಿಸುತ್ತದೆ. 1997ರಿಂದ ಅದೇ ದಿನ ಅಲ್ಲಿನ ಮಸೀದಿಗಳು ಎಲ್ಲರಿಗೂ ಬಾಗಿಲು ತೆರೆಯುತ್ತವೆ. ನೆರೆಯವರು ಬಂದು ಚಹಾ ಕುಡಿದು, ಮಾತಾಡಿ ಹೋಗುತ್ತಾರೆ.

ಆ ಸರದಿಯ ಪದ್ಧತಿ ನಮ್ಮಲ್ಲಿ ಇದ್ದಿದ್ದರೆ, ಒಂದು ವರ್ಷ ಕಲಬುರಗಿ, ಮರುವರ್ಷ ಔರಂಗಾಬಾದ್, ಆಮೇಲೆ ಹೈದರಾಬಾದ್ ಹೀಗೆ ಹಬ್ಬ ಸುತ್ತುತ್ತಿತ್ತು. ಕನ್ನಡ, ಮರಾಠಿ, ತೆಲುಗು, ಉರ್ದು ಭಾಷಿಕರು ಒಂದೇ ಚರಿತ್ರೆಯ ವಾರಸುದಾರರಾಗಿ ಕೂಡುತ್ತಿದ್ದರು. ಈಗ ಮೂರು ರಾಜ್ಯಗಳು ಮೂರು ಕಡೆ ಬಾವುಟ ಹಾರಿಸುತ್ತವೆ.

ಹಾಗೆ ಮೂರು ಪಾಲಾದದ್ದು ಇನ್ನೊಂದು ಹಬ್ಬದ ದಿನವೇ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಅಳಿಯಿತು. ಮರಾಠವಾಡಾ ಮುಂಬಯಿ ರಾಜ್ಯಕ್ಕೆ, ತೆಲಂಗಾಣ ಆಂಧ್ರಪ್ರದೇಶಕ್ಕೆ, ಕನ್ನಡ ಜಿಲ್ಲೆಗಳು ವಿಶಾಲ ಮೈಸೂರಿಗೆ ಸೇರಿದವು. ಅದು ಕನ್ನಡಿಗರ ಶತಮಾನದ ಕನಸು ನನಸಾದ ದಿನ. ಆದರೆ ಕಾಚಿಗೂಡದ ಕನ್ನಡಿಗ, ಹಿಂದಿನ ರಾತ್ರಿ ತನ್ನ ರಾಜ್ಯದ ರಾಜಧಾನಿಯಲ್ಲಿ ಮಲಗಿದವನು, ಬೆಳಗಾಗುವಷ್ಟರಲ್ಲಿ ಮನೆಯ ಹೊಸಿಲು ದಾಟದೆಯೇ ಹೊರನಾಡ ಕನ್ನಡಿಗನಾದನು. ಬೀದರ ಕಲಬುರಗಿಗಳ ಬಂಧುಗಳು ಗಡಿಯಾಚೆಯವರಾದರು.

ಆದುದರಿಂದಲೇ ಇಲ್ಲಿ ರಾಜ್ಯೋತ್ಸವಕ್ಕೆ ಭುವನೇಶ್ವರಿಯ ಚಿತ್ರಕ್ಕೆ ಹಾರ ಹಾಕುವಾಗ ಸಂತೋಷದೊಡನೆ ಅಗಲಿಕೆಯ ನೆನಪೂ ಬೆರೆತಿರುತ್ತದೆ. ಸೆಪ್ಟೆಂಬರ್ 17 ಮಾತ್ರ ನಮ್ಮನ್ನು ಆ ಬಂಧುಗಳೊಡನೆ ಮತ್ತೆ ಸೇರಿಸುವ ದಿನ. ಅವರ ಚರಿತ್ರೆಯೂ ನಮ್ಮ ಚರಿತ್ರೆಯೂ ಅಂದು ಒಂದೇ. ಸರ್ಕಾರಗಳು ಅದಕ್ಕೆ ಏನೇ ಹೆಸರಿಡಲಿ, ರಜೆ ಕೊಡಲಿ, ಕೊಡದಿರಲಿ, ಕಾಚಿಗೂಡದ ನಾವು ಗೋರ್ಟಾದ ಹಳ್ಳಿಗರಿಗೂ ಕಾರ್ಯಾಚರಣೆಯ ದಿನಗಳಲ್ಲಿ ಅಳಿದ ನಿರಪರಾಧಿಗಳಿಗೂ ನಮ್ಮದೇ ಬೀದಿಯಲ್ಲಿ ಬಿದ್ದ ಶೋಯಬುಲ್ಲಾ ಖಾನರಿಗೂ ಒಂದೇ ದೀಪ ಹಚ್ಚಬಹುದು. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಾಗಿಲ್ಲ.