ವೈಟ್ ಸ್ಕಾರ್ಸ್: ಕುದುರೆ ಹೋಯ್ತು, ಲಗಾಮು ಉಳಿಯಿತು

ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ಶುರುಮಾಡಿದ 'ವಾರ್‌ಹ್ಯಾಮರ್ 40,000' ಆಟದ ಕಾಲ್ಪನಿಕ ಸೇನೆ ವೈಟ್ ಸ್ಕಾರ್ಸ್. ಇದರ ಯೋಧರು ಚೊಗೊರಿಸ್ ಎಂಬ ಗ್ರಹದ ಹುಲ್ಲುಗಾವಲಿನ ಬುಡಕಟ್ಟುಗಳವರು; ಮಂಗೋಲರ ನೆರಳು ಸ್ಪಷ್ಟ. ನಾಯಕ ಜಗತಾಯ್ ಖಾನ್ ಆ ಬುಡಕಟ್ಟುಗಳನ್ನು ಒಂದುಗೂಡಿಸಿದ, ಕೊನೆಗೆ ಭೂಮಿಯಿಂದ ಬಂದ ಚಕ್ರವರ್ತಿಗೆ ಮಂಡಿಯೂರಿದ. ಸವಾರರಿಗೆ ಕುದುರೆ ಬದಲು ಬಂದೂಕು ಕಟ್ಟಿದ ಬೈಕ್ ಬಂತು. ಯುದ್ಧತಂತ್ರ ಮಾತ್ರ ಹಳೇದೇ: ನುಗ್ಗು, ಹೊಡಿ, ಮಾಯವಾಗು.

ಆ ಬೈಕ್ ನೋಡಿಯೇ ನಾನೂ ಮರುಳಾದವನು. ಆದರೆ ಹುಲ್ಲು ಮೇಯೋ ಕುದುರೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬೈಕಿಗೆ ಇಂಧನ, ಬಿಡಿಭಾಗ ಬೇಕು. ಯಂತ್ರವಿದ್ಯೆಯ ಬೀಗದ ಕೈ ಇರೋದು ಮಂಗಳ ಗ್ರಹದ ಪುರೋಹಿತರ ಬಳಿ. ಈ ಸಾಮ್ರಾಜ್ಯ ವಿಡಂಬನೆ ಅಂತ 2021ರಲ್ಲಿ ಕಂಪನಿಯೇ ಸ್ಪಷ್ಟಪಡಿಸಿತು. ವೇಗಕ್ಕೆ ಚಪ್ಪಾಳೆ ಹೊಡೆಯೋಣ. ಲಗಾಮು ಯಾರ ಕೈಲಿದೆ ಅಂತಲೂ ಕೇಳೋಣ.